ವಿಡಿಯೋ ನೋಡೋಕೆ ಮಾಡಿದ್ದು, ಕತ್ತರಿಸೋಕಲ್ಲ

ಕಂಪ್ಯೂಟರ್ ಬಗ್ಗೆ ಸ್ವಲ್ಪ ಗೊತ್ತು ಅಂತ ಒಮ್ಮೆ ಹೆಸರು ಬಂದುಬಿಟ್ಟರೆ ಸಾಕು, ಪೆನ್‌ಡ್ರೈವ್‌ಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಜೊತೆಗೆ ಒಂದೇ ದೂರು: "ವಿಡಿಯೋ ಸರಿಯಾಗಿ ಬರ್ತಿಲ್ಲ, ಸ್ವಲ್ಪ ನೋಡ್ತೀರಾ?" ಸರಿಯಾಗಿ ಬರ್ತಿಲ್ಲ ಅಂದರೆ ಏನು ಅಂತ ತಿರುಗಿ ಕೇಳಿದರೆ ಕೆಲವರಿಗೆ ಬೇಜಾರಾಗುತ್ತದೆ. ಆದರೂ ಕೇಳಲೇಬೇಕು. ಫೈಲ್ ತೆರೆಯುತ್ತಲೇ ಇಲ್ಲವಾ? ತೆರೆದರೂ ದನಿ ಮಾತ್ರ ಬಂದು ಪರದೆ ಕಪ್ಪಗಿದೆಯಾ? ಚಿತ್ರ ತಡೆತಡೆದು ಓಡುತ್ತಿದೆಯಾ? ಶುರುವಿನಲ್ಲಿ ಚೆನ್ನಾಗಿದ್ದು ಕೊನೆ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತಿದೆಯಾ? ಇವೆಲ್ಲ ಬೇರೆ ಬೇರೆ ತೊಂದರೆಗಳು. ಒಂದರ ಪರಿಹಾರ ಇನ್ನೊಂದಕ್ಕೆ ಕೆಲಸಕ್ಕೆ ಬರುವುದಿಲ್ಲ.

ಅಷ್ಟು ಹೊತ್ತಿಗೆ ಮನೆಯವರು ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿರುತ್ತಾರೆ. ಎಡಿಟಿಂಗ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿರುತ್ತಾರೆ, ಯಾರೋ ಹೇಳಿದ್ದಕ್ಕೆ ಕೋಡೆಕ್ ಪ್ಯಾಕ್ (ಕೋಡೆಕ್ ಅಂದರೆ ವಿಡಿಯೋವನ್ನು ಕುಗ್ಗಿಸಿ ಬಿಡಿಸುವ ವಿಧಾನ) ಇಳಿಸಿರುತ್ತಾರೆ, ಇನ್ಯಾರೋ ರ‍್ಯಾಮ್ ಹಾಕಿಸಿ ಅಂದಿರುತ್ತಾರೆ. ಸಮಸ್ಯೆ ಹಾಗೇ ಇರುತ್ತದೆ. ಯಾಕೆಂದರೆ ಫೈಲ್ ಒಳಗೆ ಏನಿದೆ ಅಂತ ಯಾರೂ ನೋಡಿಲ್ಲ. ಇಷ್ಟು ದಿನ ಇಂಥವನ್ನು ನೋಡಿ ನನಗೆ ಅನಿಸಿರುವುದು ಇಷ್ಟು: ಮನೆಯ ವಿಡಿಯೋಗಳ ತೊಂದರೆಯಲ್ಲಿ ಮುಕ್ಕಾಲು ಪಾಲು ಕಂಪ್ಯೂಟರಿನದ್ದಲ್ಲ, ಸಾಫ್ಟ್‌ವೇರಿನದ್ದೂ ಅಲ್ಲ. ಫೋನ್ ಅಥವಾ ಕ್ಯಾಮೆರಾ ಆ ಫೈಲನ್ನು ಮಾಡಿದ್ದು ಚಿಕ್ಕದಾಗಿ ಇಟ್ಟುಕೊಂಡು ನೋಡಲಿ ಅಂತ. ನಾವು ಅದನ್ನು ಕತ್ತರಿಸಿ, ಜೋಡಿಸಿ, ಹಿಂದೆ ಮುಂದೆ ಎಳೆದಾಡಲು ಹೊರಡುತ್ತೇವೆ. ಅದಕ್ಕಾಗಿ ಅದನ್ನು ಮಾಡಿಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಫುಲ್ ಎಚ್‌ಡಿ ಅಂದರೆ 1920 ಅಡ್ಡ, 1080 ಉದ್ದ. ಒಂದು ಫ್ರೇಮಿನಲ್ಲಿ, ಅಂದರೆ ವಿಡಿಯೋದ ಒಂದು ಬಿಡಿ ಚಿತ್ರದಲ್ಲಿ, ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಚುಕ್ಕೆಗಳು. ಒಂದೊಂದು ಚುಕ್ಕೆಗೆ 3 ಬೈಟ್, ಸೆಕೆಂಡಿಗೆ 25 ಫ್ರೇಮ್ ಅಂತ ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 155 ಎಂಬಿ, ನಿಮಿಷಕ್ಕೆ 9 ಜಿಬಿಗೂ ಮೇಲೆ, ಗಂಟೆಗೆ 560 ಜಿಬಿ ಹತ್ತಿರ ಆಗುತ್ತದೆ. ಇದು ಏನೂ ಕುಗ್ಗಿಸದೆ ಇಟ್ಟರೆ. ಆದರೆ ನಿಮ್ಮ ಫೋನಿನಲ್ಲಿ ಇದೇ ಗಾತ್ರದ ಒಂದು ನಿಮಿಷದ ವಿಡಿಯೋ ನೂರು ಎಂಬಿ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಉಳಿದದ್ದೆಲ್ಲ ಎಲ್ಲಿ ಹೋಯಿತು?

ಅದನ್ನು ಬರೆದೇ ಇಲ್ಲ. ಒಂದು ಫ್ರೇಮನ್ನು ಪೂರ್ತಿ ಬರೆದುಕೊಂಡು, ಅದರ ನಂತರದ ಫ್ರೇಮ್‌ಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಬರೆಯಲಾಗಿರುತ್ತದೆ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಪಾಠ ಪೂರ್ತಿ ಬರೆದು, ಮುಂದಿನ ಪುಟದಲ್ಲಿ "ಹಿಂದಿನಂತೆಯೇ, ಮೂರನೇ ಸಾಲು ಮಾತ್ರ ಹೀಗೆ" ಅಂತ ಬರೆದ ಹಾಗೆ. ಪೂರ್ತಿ ಬರೆದ ಫ್ರೇಮಿಗೆ ಕೀಫ್ರೇಮ್ ಅನ್ನುತ್ತಾರೆ. ಕೆಲವು ಫ್ರೇಮ್‌ಗಳು ಹಿಂದಿನದನ್ನು ಮಾತ್ರ ಅಲ್ಲ, ಮುಂದೆ ಬರುವುದನ್ನೂ ನೋಡಿ ತಮ್ಮನ್ನು ತಾವು ಕಟ್ಟಿಕೊಳ್ಳುತ್ತವೆ. ಮೊದಲಿಂದ ಕೊನೆವರೆಗೆ ನೋಡುವವರಿಗೆ ಇದರಿಂದ ಏನೂ ತೊಂದರೆಯಿಲ್ಲ, ಸಾಲಾಗಿ ಬಿಡಿಸುತ್ತಾ ಹೋದರಾಯಿತು. ಆದರೆ ಟೈಮ್‌ಲೈನಿನಲ್ಲಿ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ) ಕರ್ಸರನ್ನು ಮಧ್ಯದಲ್ಲೆಲ್ಲೋ ಬಿಟ್ಟರೆ ಎಡಿಟರ್, ಅಂದರೆ ಎಡಿಟಿಂಗ್ ಸಾಫ್ಟ್‌ವೇರ್, ಮೊದಲು ಹಿಂದಿನ ಕೀಫ್ರೇಮಿಗೆ ಓಡಬೇಕು, ಅಲ್ಲಿಂದ ಒಂದೊಂದೇ ಬಿಡಿಸಿಕೊಂಡು ಬರಬೇಕು, ಆಮೇಲಷ್ಟೇ ನಿಮಗೆ ಬೇಕಾದ ಆ ಒಂದು ಫ್ರೇಮ್ ತೋರಿಸಬೇಕು. ನೀವು ಕರ್ಸರನ್ನು ಹಿಂದಕ್ಕೆ ಎಳೆದರಂತೂ ಪಾಪ, ಪ್ರತಿ ಫ್ರೇಮಿಗೂ ಅದೇ ಓಟ.

ಹಾಗಾಗಿ "ವಿಎಲ್‌ಸಿ ಪ್ಲೇಯರಿನಲ್ಲಿ ಚೆನ್ನಾಗಿ ಓಡುತ್ತೆ, ಎಡಿಟರಿನಲ್ಲಿ ಮಾತ್ರ ಸಿಕ್ಕಿಕೊಳ್ಳುತ್ತೆ" ಅನ್ನುವುದರಲ್ಲಿ ವಿಚಿತ್ರವೇನೂ ಇಲ್ಲ. ಎರಡರ ಕೆಲಸವೇ ಬೇರೆ.

ಇದೇ ಕಾರಣದಿಂದ ಇನ್ನೊಂದು ತಮಾಷೆ ಆಗುತ್ತದೆ. ಮತ್ತೆ ಎನ್‌ಕೋಡ್ ಮಾಡದೆ, ಅಂದರೆ ಇನ್ನೊಮ್ಮೆ ಕುಗ್ಗಿಸದೆ, ನೇರವಾಗಿ ಕತ್ತರಿಸಿ ಕೊಡುವ ಸಣ್ಣ ಟೂಲ್‌ಗಳಿವೆ, ಕ್ಷಣದಲ್ಲಿ ಕೆಲಸ ಮುಗಿಯುತ್ತದೆ, ಗುಣಮಟ್ಟವೂ ಕೆಡುವುದಿಲ್ಲ. ಆದರೆ ಹಾಗೆ ಕತ್ತರಿಸಿದ ತುಣುಕನ್ನು ಓಡಿಸಿದರೆ ಮೊದಲ ಒಂದೆರಡು ಸೆಕೆಂಡು ದನಿ ಬರುತ್ತದೆ, ಚಿತ್ರ ಮಾತ್ರ ನಿಂತಿರುತ್ತದೆ. ಇಲ್ಲವೇ ನೀವು ಕತ್ತರಿಸಿದ ಜಾಗಕ್ಕಿಂತ ಸ್ವಲ್ಪ ಹಿಂದಿನಿಂದಲೇ ಶುರುವಾಗುತ್ತದೆ. ಫೈಲ್ ಕೆಟ್ಟಿಲ್ಲ. ನೀವು ಕತ್ತರಿ ಹಾಕಿದ ಜಾಗದಲ್ಲಿ ಕೀಫ್ರೇಮ್ ಇರಲಿಲ್ಲ, ಅಷ್ಟೇ. ಎಕ್ಸ್264 ಅನ್ನುವ ಬಹಳ ಬಳಕೆಯ ಎನ್‌ಕೋಡರಿನಲ್ಲಿ ಏನೂ ಬದಲಿಸದಿದ್ದರೆ ಎರಡು ಕೀಫ್ರೇಮ್‌ಗಳ ನಡುವೆ 250 ಫ್ರೇಮ್‌ವರೆಗೆ ಅಂತರ ಇರಬಹುದು. 25 ಫ್ರೇಮಿನ ವಿಡಿಯೋದಲ್ಲಿ ಅದು 10 ಸೆಕೆಂಡು! ಅಷ್ಟು ದೂರ ಇದ್ದರೆ ಸರಿಯಾದ ಜಾಗದಲ್ಲಿ ಕತ್ತರಿಸೋದು ಹೇಗೆ ಹೇಳಿ.

ಸರಿ, ಎಡಿಟರಿನಲ್ಲಿ ಸಿಕ್ಕಿಕೊಳ್ಳುವುದಕ್ಕೆ ಏನು ಮಾಡಬೇಕು? ಮೊದಲು ಪ್ರಿವ್ಯೂ ಗುಣಮಟ್ಟವನ್ನು ಅರ್ಧಕ್ಕೋ ಕಾಲಿಗೋ ಇಳಿಸಿ ನೋಡಿ. ಇದರಿಂದ ಕೊನೆಯ ವಿಡಿಯೋಗೆ ಏನೂ ಆಗುವುದಿಲ್ಲ, ನಿಮ್ಮ ಎಡಿಟಿಂಗ್ ಕಿಟಕಿಯಲ್ಲಿ ಮಾತ್ರ ಸ್ವಲ್ಪ ಮಸುಕು. ಅದರಲ್ಲೂ ಆಗದಿದ್ದರೆ ಪ್ರಾಕ್ಸಿ. ಪ್ರಾಕ್ಸಿ ಅಂದರೆ ಮೂಲ ಕ್ಲಿಪ್ಪಿನ ಬದಲಿ ಪ್ರತಿ, ಕತ್ತರಿಸಲು ಹಗುರ. ಎಡಿಟರ್ ನಿಮಗೆ ಪ್ರಾಕ್ಸಿ ತೋರಿಸುತ್ತದೆ, ಎಕ್ಸ್‌ಪೋರ್ಟ್ ಮಾಡುವಾಗ ಮೂಲವನ್ನೇ ತೆಗೆದುಕೊಳ್ಳುತ್ತದೆ. ಈಗಿನ ಒಳ್ಳೆಯ ಎಡಿಟರ್‌ಗಳಲ್ಲಿ, ಉಚಿತವಾದವುಗಳಲ್ಲೂ, ಇದಕ್ಕೆ ಒಂದು ಬಟನ್ ಇರುತ್ತದೆ. ಜನ ಅದನ್ನು ಒತ್ತುವುದಿಲ್ಲ, ಯಾಕೋ ಅದು ಸಿನಿಮಾದವರ ಕೆಲಸ ಅಂತ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಸಿನಿಮಾದವರಿಗಿಂತ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡಿರುವವರಿಗೇ ಅದು ಜಾಸ್ತಿ ಬೇಕು.

ಇನ್ನೊಂದು ದಾರಿ, ಕ್ಲಿಪ್‌ಗಳನ್ನು ಪೂರ್ತಿಯಾಗಿ ಎಡಿಟಿಂಗ್‌ಗೆಂದೇ ಮಾಡಿದ ಕೋಡೆಕ್‌ಗೆ ಬದಲಿಸಿಕೊಳ್ಳುವುದು. ಆ್ಯಪಲ್ 2007ರಲ್ಲಿ ತಂದ ಪ್ರೋರೆಸ್, ಆವಿಡ್‌ನವರ ಡಿಎನ್‌ಎಕ್ಸ್ ಇಂಥವು. ಇವುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿ ಫ್ರೇಮೇ, ಯಾವುದೂ ಇನ್ನೊಂದನ್ನು ನೆಚ್ಚಿಕೊಂಡಿಲ್ಲ. ಹಾಗಾಗಿ ಕರ್ಸರ್ ಎಲ್ಲಿ ಬಿಟ್ಟರೂ ತಕ್ಷಣ ಚಿತ್ರ. ಬದಲಿಗೆ ಫೈಲ್ ದಪ್ಪವಾಗುತ್ತದೆ: ಸಾಧಾರಣ ಪ್ರೋರೆಸ್ 422ರಲ್ಲಿ 25 ಫ್ರೇಮಿನ ಫುಲ್ ಎಚ್‌ಡಿ ವಿಡಿಯೋ ಗಂಟೆಗೆ ಸುಮಾರು 55 ಜಿಬಿ, ಅದರದ್ದೇ ಪ್ರಾಕ್ಸಿ ನಮೂನೆಯಲ್ಲಿ ಸುಮಾರು 17 ಜಿಬಿ. ಫೈಲ್ ಹತ್ತು ಪಟ್ಟು ದೊಡ್ಡದಾಯಿತು, ಅದಕ್ಕೇ ಕಂಪ್ಯೂಟರ್ ಇನ್ನೂ ನಿಧಾನ ಆಗುತ್ತೆ ಅಂತ ಹೆದರುವವರಿದ್ದಾರೆ. ಆಗುವುದು ಅದರ ಉಲ್ಟಾ. ದೊಡ್ಡ ಫೈಲ್ ಡಿಸ್ಕಿಗೆ ಕೆಲಸ, ಚಿಕ್ಕ ಫೈಲ್ ಪ್ರೊಸೆಸರಿಗೆ ಕೆಲಸ. ಮನೆಯ ಕಂಪ್ಯೂಟರಿನಲ್ಲಿ ಸೋಲುವುದು ಸಾಮಾನ್ಯವಾಗಿ ಪ್ರೊಸೆಸರ್.

ಡಿಸ್ಕ್ ಬಗ್ಗೆ ಬಂದಾಗ ಬಿಟ್, ಬೈಟ್ ಗೊಂದಲವನ್ನೂ ಹೇಳಿಬಿಡುತ್ತೇನೆ. ಕ್ಯಾಮೆರಾದಲ್ಲಿ 100 ಎಂಬಿಪಿಎಸ್ ಅಂತ ಬರೆದಿರುವುದು ಮೆಗಾಬಿಟ್, ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್ ಮಾತ್ರ. ಹಳೇ ಯುಎಸ್‌ಬಿ 2.0 ಡ್ರೈವ್ ಕೂಡ ಸಾಮಾನ್ಯವಾಗಿ ಅದಕ್ಕಿಂತ ಬೇಗ ಓದಬಲ್ಲದು. ಹಾಗಾಗಿ ಫೋನಿನ ಒಂದೇ ಕ್ಲಿಪ್ ತಡೆತಡೆದು ಓಡುತ್ತಿದ್ದರೆ ಡಿಸ್ಕ್ ಬದಲಿಸಿ ಪ್ರಯೋಜನ ಕಡಿಮೆ. ನಾಲ್ಕೈದು ಕ್ಲಿಪ್ ಒಂದರ ಮೇಲೊಂದು ಇಟ್ಟಿದ್ದರೆ, ಅಥವಾ ಪ್ರೋರೆಸ್ ಫೈಲುಗಳನ್ನು ನಿಧಾನದ ಪೆನ್‌ಡ್ರೈವಿನಲ್ಲೇ ಇಟ್ಟು ಎಡಿಟ್ ಮಾಡುತ್ತಿದ್ದರೆ, ಆ ಮಾತು ಬೇರೆ.

ಈಗ ಫೈಲ್ ತೆರೆಯದೇ ಇರುವ ಕಥೆ. "ಇದೂ ಎಂಪಿ4, ಅದೂ ಎಂಪಿ4, ಅದು ಬರುತ್ತೆ, ಇದು ಯಾಕೆ ಬರಲ್ಲ?" ಫೈಲಿನ ಹೆಸರಿನ ಕೊನೆಯಲ್ಲಿರುವ ಎಂಪಿ4, ಎಂಕೆವಿ, ಎವಿಐ ಅನ್ನುವುದು ಚಿತ್ರ, ದನಿ, ಸೂಚಿ ಇವನ್ನೆಲ್ಲ ಒಟ್ಟಿಗೆ ಹಿಡಿದಿಟ್ಟಿರುವ ಹೊರಗಿನ ಕಟ್ಟು ಮಾತ್ರ. ಒಳಗೆ ಚಿತ್ರವನ್ನು ಯಾವ ವಿಧಾನದಲ್ಲಿ ಕುಗ್ಗಿಸಿದ್ದಾರೆ ಅನ್ನುವುದು ಬೇರೆಯೇ ವಿಷಯ. 2003ರಲ್ಲಿ ಬಂದ ಎಚ್.264 ಆಗಿದ್ದರೆ ಸಾಮಾನ್ಯವಾಗಿ ಎಲ್ಲ ಕಡೆ ಓಡುತ್ತದೆ. 2013ರ ಎಚ್‌ಇವಿಸಿ ಆಗಿದ್ದರೆ ಹಳೇ ಕಂಪ್ಯೂಟರ್ ತಿಣುಕುತ್ತದೆ, ವಿಂಡೋಸ್‌ನಲ್ಲಿ ಅದಕ್ಕೆಂದೇ ಬೇರೆ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕಾಗಬಹುದು. 2018ರ ಎವಿ1 ಆಗಿದ್ದರೆ ಇನ್ನೂ ಹೊಸ ಯಂತ್ರ ಬೇಕು. 2017ರಲ್ಲಿ ಐಓಎಸ್ 11 ಬಂದಾಗಿನಿಂದ ಹೊಸ ಐಫೋನ್‌ಗಳು ನಾವಾಗಿ ಬದಲಿಸದಿದ್ದರೆ ಎಚ್‌ಇವಿಸಿಯಲ್ಲೇ ರೆಕಾರ್ಡ್ ಮಾಡುತ್ತವೆ. ಫೋನ್ ಬದಲಿಸಿದ ಮೇಲೆ ಕಂಪ್ಯೂಟರ್ ಕೆಟ್ಟುಹೋಯಿತು ಅಂತ ಹೇಳುವವರಲ್ಲಿ ಬಹಳ ಜನರ ಕಥೆ ಇದೇ. ಕಂಪ್ಯೂಟರ್ ಹಾಗೇ ಇದೆ, ಫೈಲ್ ಬೇರೆ ಆಗಿದೆ.

ಫೈಲಿನ ಹೆಸರಿನ ಕೊನೆಯಲ್ಲಿರುವ ಎಂಕೆವಿಯನ್ನು ಅಳಿಸಿ ಎಂಪಿ4 ಅಂತ ಟೈಪ್ ಮಾಡಿದರೆ ಫಾರ್ಮ್ಯಾಟ್ ಬದಲಾಗುವುದಿಲ್ಲ. ಹೇಳಬೇಕಾಗಿಲ್ಲ ಅನಿಸುತ್ತೆ ಅಲ್ವಾ? ಹೇಳಬೇಕಾಗಿದೆ.

ಒಳಗೆ ಏನಿದೆ ಅಂತ ನೋಡುವುದಕ್ಕೆ ಮೀಡಿಯಾಇನ್ಫೋ ಅನ್ನುವ ಸಣ್ಣ ಉಚಿತ ಸಾಫ್ಟ್‌ವೇರ್ ಸಾಕು. ನಾನು ಬೇರೆ ಏನನ್ನೂ ಮುಟ್ಟುವ ಮೊದಲು ಅದರಲ್ಲಿ ಫೈಲ್ ತೆರೆಯುತ್ತೇನೆ. ಕೋಡೆಕ್ ಯಾವುದು, ಫ್ರೇಮ್ ರೇಟ್ ಎಷ್ಟು, ಅದು ಸ್ಥಿರವೋ ಬದಲಾಗುತ್ತದೋ, ಬಣ್ಣಕ್ಕೆ 8 ಬಿಟ್ಟೋ 10 ಬಿಟ್ಟೋ, ಬಣ್ಣದ ವಿವರ ಎಷ್ಟು ಉಳಿಸಿದ್ದಾರೆ ಅನ್ನುವ ಅಂಕೆ 4:2:0 ಇದೆಯೋ 4:2:2 ಇದೆಯೋ, ಆಡಿಯೋ 44.1 ಕಿಲೋಹರ್ಟ್ಸೋ 48 ಕಿಲೋಹರ್ಟ್ಸೋ. ಇಷ್ಟು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಉದಾಹರಣೆಗೆ 10 ಬಿಟ್ 4:2:2 ಅಂತ ಕಂಡರೆ, ಸಾಕಷ್ಟು ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಅದನ್ನು ತಾವೇ ಬಿಡಿಸಲು ಬರುವುದಿಲ್ಲ, ಕೆಲಸ ಪೂರ್ತಿ ಪ್ರೊಸೆಸರ್ ಮೇಲೆ ಬೀಳುತ್ತದೆ. ದುಬಾರಿ ಕಾರ್ಡ್ ಇದ್ದೂ ಕ್ಯಾಮೆರಾದ ವಿಡಿಯೋ ತಡೆಯುತ್ತದೆ ಅನ್ನುವವರು ಇದನ್ನೇ ಮೊದಲು ನೋಡಬೇಕು.

ಮಾತು ಮತ್ತು ತುಟಿ ಹೊಂದದಿರುವ ತೊಂದರೆ ನನಗೆ ಎಲ್ಲಕ್ಕಿಂತ ಇಷ್ಟ. ಇಷ್ಟ ಅಂದರೆ, ಪತ್ತೆ ಹಚ್ಚಲು ಮಜಾ ಇರುವಂಥದ್ದು. ಮಗು ಹಾಡುವ ಇಪ್ಪತ್ತು ನಿಮಿಷದ ಒಂದು ಕ್ಲಿಪ್ ಇದೆ ಅಂತಿಟ್ಟುಕೊಳ್ಳಿ. ಶುರುವಿನಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಾರೆ, ಕೊನೆಯಲ್ಲಿ ಎಲ್ಲರೂ ತಟ್ಟುತ್ತಾರೆ. ಟೈಮ್‌ಲೈನನ್ನು ದೊಡ್ಡದು ಮಾಡಿಕೊಂಡು ಮೊದಲ ಚಪ್ಪಾಳೆಯ ಹತ್ತಿರ ಹೋಗಿ. ಎರಡು ಅಂಗೈ ಸೇರುವ ಫ್ರೇಮ್ ಯಾವುದು, ಆಡಿಯೋ ಅಲೆಯಲ್ಲಿ ಮುಳ್ಳಿನ ಹಾಗೆ ಎದ್ದಿರುವ ಜಾಗ ಯಾವುದು, ಎರಡರ ನಡುವೆ ಎಷ್ಟು ಫ್ರೇಮ್ ಅಂತರ ಇದೆ ಎಣಿಸಿ. ಕೊನೆಯ ಚಪ್ಪಾಳೆಯಲ್ಲೂ ಹಾಗೇ ಎಣಿಸಿ. ಎರಡೂ ಕಡೆ ಅಂತರ ಒಂದೇ ಇದ್ದರೆ ಸುಮ್ನೆ ಆಡಿಯೋವನ್ನು ಅಷ್ಟು ಸರಿಸಿದರೆ ಮುಗಿಯಿತು. ಅಂತರ ಒಂದೇ ಸಮನಾಗಿ ಬೆಳೆಯುತ್ತಾ ಹೋಗಿದ್ದರೆ ಎಲ್ಲೋ ವೇಗದ ಲೆಕ್ಕ ತಪ್ಪಿದೆ. 29.97 ಫ್ರೇಮಿನ ವಿಡಿಯೋವನ್ನು 30 ಅಂತ ತಿಳಿದುಕೊಂಡಿದ್ದರೆ ಗಂಟೆಗೆ 3.6 ಸೆಕೆಂಡು ತಪ್ಪುತ್ತದೆ. 44.1ರ ಆಡಿಯೋವನ್ನು 48 ಅಂತ ತಿಳಿದು ಓಡಿಸಿದರೆ ಒಂದು ನಿಮಿಷಕ್ಕೇ ಐದು ಸೆಕೆಂಡು ಹತ್ತಿರ ತಪ್ಪುತ್ತದೆ, ಜೊತೆಗೆ ದನಿಯೂ ಕೀಚಲಾಗುತ್ತದೆ, ಹಾಗಾಗಿ ಕಿವಿಗೇ ಗೊತ್ತಾಗುತ್ತದೆ.

ಈ 29.97 ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ 1953ರಲ್ಲಿದೆ. ಅಮೆರಿಕದಲ್ಲಿ ಕಪ್ಪು ಬಿಳುಪು ಟಿವಿಗೆ ಬಣ್ಣ ಸೇರಿಸುವಾಗ, ಬಣ್ಣದ ಸಿಗ್ನಲ್ಲಿಗೂ ದನಿಯ ಸಿಗ್ನಲ್ಲಿಗೂ ತಿಕ್ಕಾಟ ಬಂದು ಪರದೆಯ ಮೇಲೆ ಗೆರೆ ಮೂಡದಿರಲಿ ಅಂತ 30 ಫ್ರೇಮನ್ನು 1.001ರಿಂದ ಭಾಗಿಸಿದರು. ಆ ಟಿವಿಗಳು ಹೋದವು, ಆ ಸಂಖ್ಯೆ ಮಾತ್ರ ಇವತ್ತಿಗೂ ನಮ್ಮ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಕೂತಿದೆ.

ಅಂತರ ಒಂದೇ ಸಮ ಬೆಳೆಯದೆ, ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಅಂತ ಇದ್ದರೆ? ಆಗ ಫ್ರೇಮ್ ರೇಟೇ ಸ್ಥಿರವಾಗಿಲ್ಲ. ಫೋನ್‌ಗಳು 30 ಅಂತ ಹೇಳಿಕೊಂಡರೂ ನಿಜದಲ್ಲಿ ಹಾಗೇ ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದರೆ ಪ್ರತಿ ಫ್ರೇಮಿಗೂ ಸ್ವಲ್ಪ ಜಾಸ್ತಿ ಹೊತ್ತು ಬೇಕು ಅಂತ ವೇಗ ಇಳಿಸುತ್ತವೆ, ಮತ್ತೆ ಬೆಳಕು ಬಂದಾಗ ಏರಿಸುತ್ತವೆ. ಪ್ರತಿ ಫ್ರೇಮೂ ಯಾವ ಹೊತ್ತಿಗೆ ಕಾಣಬೇಕು ಅಂತ ಫೈಲಿನಲ್ಲೇ ಬರೆದಿರುತ್ತದೆ, ಪ್ಲೇಯರ್ ಅದನ್ನು ಓದಿ ಸರಿಯಾಗಿ ತೋರಿಸುತ್ತದೆ. ಕೆಲವು ಎಡಿಟರ್‌ಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಎಲ್ಲ ಫ್ರೇಮನ್ನೂ ಸಮ ಅಂತರದಲ್ಲಿ ಜೋಡಿಸಿಬಿಡುತ್ತವೆ. ಆಗ ವೇದಿಕೆಯ ದೀಪ ಆರಿದ ಭಾಗದಿಂದ ಮಾತು ತಪ್ಪಲು ಶುರು. ಇಂಥ ಕ್ಲಿಪ್ಪಿಗೆ ಆಡಿಯೋವನ್ನು ತುಂಡು ತುಂಡು ಮಾಡಿ ಒಂದೊಂದನ್ನೂ ಸರಿಸುತ್ತಾ ಕೂರುವವರಿದ್ದಾರೆ. ದಯವಿಟ್ಟು ಬೇಡ. ಎಡಿಟರಿಗೆ ಹಾಕುವ ಮೊದಲೇ ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಿಸುವ ಸಾಫ್ಟ್‌ವೇರಿನಲ್ಲಿ ಸ್ಥಿರ ಫ್ರೇಮ್ ರೇಟ್ ಅನ್ನುವ ಆಯ್ಕೆ ಹಾಕಿ ಬದಲಿಸಿಕೊಳ್ಳಿ. ಗುಣಮಟ್ಟದ ಅಂಕೆ ಅಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು, ಎಚ್.264ಕ್ಕೆ 16ರಿಂದ 18ರ ನಡುವೆ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣುವುದು ಕಷ್ಟ.

ಹಳೇ ಟೇಪುಗಳ ಪ್ರಪಂಚ ಇನ್ನೊಂದು. 1995ರಲ್ಲಿ ಬಂದ ಮಿನಿಡಿವಿ ಟೇಪಿನಲ್ಲಿ ಇರುವುದು ಡಿಜಿಟಲ್ ಮಾಹಿತಿಯೇ. ಫೈರ್‌ವೈರ್ ಕೇಬಲ್ಲಿನಲ್ಲಿ ತೆಗೆದರೆ ಟೇಪಿನಲ್ಲಿದ್ದದ್ದು ಇದ್ದ ಹಾಗೇ ಬರುತ್ತದೆ, ಗಂಟೆಗೆ ಸುಮಾರು 13 ಜಿಬಿ. ಹಳದಿ, ಕೆಂಪು, ಬಿಳಿ ತಂತಿಗಳಲ್ಲಿ ತೆಗೆದರೆ ಅದು ಒಮ್ಮೆ ಅನಲಾಗ್ ಆಗಿ ಮತ್ತೆ ಡಿಜಿಟಲ್ ಆಗುತ್ತದೆ, ಅಷ್ಟು ಚೆನ್ನಾಗಿರುವುದಿಲ್ಲ. ಈಗಿನ ಕಂಪ್ಯೂಟರ್‌ಗಳಲ್ಲಿ ಫೈರ್‌ವೈರ್ ಕಿಂಡಿ ಇಲ್ಲ ಅನ್ನುವುದೇ ದೊಡ್ಡ ತಲೆನೋವು. ಫೈರ್‌ವೈರ್ ಇರುವ ಹಳೇ ಕಂಪ್ಯೂಟರ್ ಯಾರ ಹತ್ತಿರವಾದರೂ ಇದ್ದರೆ ಮೊದಲು ಟೇಪು ಇಳಿಸಿಕೊಳ್ಳಿ, ಎಡಿಟಿಂಗ್ ಯಾವಾಗ ಬೇಕಾದರೂ ಮಾಡಬಹುದು.

ಇಳಿಸಿದ ಮೇಲೆ ಬರುವ ದೂರು: "ಯಾರಾದರೂ ಓಡಾಡಿದಾಗ ಮೈಯಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಬರುತ್ತೆ, ಟೇಪು ಹಾಳಾಗಿದೆಯಾ?" ಇಲ್ಲ. ಆ ಕಾಲದ ಕ್ಯಾಮೆರಾಗಳು ಚಿತ್ರವನ್ನು ಎರಡು ಕಂತಿನಲ್ಲಿ ಹಿಡಿಯುತ್ತಿದ್ದವು. ಮೊದಲು ಒಂದು ಬಿಟ್ಟು ಒಂದು ಗೆರೆ, ಸೆಕೆಂಡಿನ ಐವತ್ತನೇ ಒಂದು ಭಾಗದ ನಂತರ ಉಳಿದ ಗೆರೆಗಳು. ಅಷ್ಟರಲ್ಲಿ ಕೈ ಸ್ವಲ್ಪ ಸರಿದಿರುತ್ತದೆ. ಎರಡನ್ನೂ ಒಟ್ಟಿಗೆ ತೋರಿಸಿದರೆ ಕೈಯಂಚು ಹಲ್ಲು ಹಲ್ಲಾಗಿ ಕಾಣುತ್ತದೆ. ನೋಡಲು ಮಾತ್ರ ಆದರೆ ವಿಎಲ್‌ಸಿಯಲ್ಲಿ ಈ ಎರಡು ಕಂತನ್ನು ಸರಿಹೊಂದಿಸುವ ಡಿಇಂಟರ್ಲೇಸ್ ಆಯ್ಕೆ ಹಾಕಿದರೆ ಸಾಕು. ಬದಲಿಸಿ ಇಡುವುದಾದರೆ 25 ಫ್ರೇಮ್ ಮಾಡುವ ಬದಲು 50 ಫ್ರೇಮ್ ಮಾಡಿ, ಆ ಕಾಲದ ವಿಡಿಯೋಗೆ ಇದ್ದ ನುಣುಪಾದ ಓಟ ಉಳಿಯುತ್ತದೆ. ಚಿತ್ರ ಹಿಂದೆ ಮುಂದೆ ಅದುರುತ್ತಿದ್ದರೆ ಯಾವ ಕಂತು ಮೊದಲು ಅನ್ನುವುದು ತಪ್ಪಾಗಿದೆ. ಡಿವಿಯಲ್ಲಿ ಕೆಳಗಿನ ಗೆರೆಗಳ ಕಂತು ಮೊದಲು. ಮುಖಗಳೆಲ್ಲ ಅಗಲವಾಗಿ ಕಂಡರೆ ಅಳತೆ ನೋಡಿ: 720 ಅಡ್ಡ 576 ಅನ್ನುವ ಅದೇ ಗಾತ್ರವನ್ನು 4:3ಕ್ಕೂ 16:9ಕ್ಕೂ ಬಳಸುತ್ತಿದ್ದರು, ಯಾವುದು ಅಂತ ನಾವೇ ಎಡಿಟರಿಗೆ ಹೇಳಬೇಕು.

ಚಿಕ್ಕ ಡಿವಿಡಿಗೆ ನೇರ ರೆಕಾರ್ಡ್ ಮಾಡುವ ಕ್ಯಾಮೆರಾಗಳೂ ಇದ್ದವು. ಆ ಡಿಸ್ಕ್ ಕಂಪ್ಯೂಟರಿನಲ್ಲಿ ಖಾಲಿ ಅಂತ ತೋರಿಸಿದರೆ ಬಿಸಾಡಬೇಡಿ. ಅದನ್ನು ಅದೇ ಕ್ಯಾಮೆರಾದಲ್ಲಿ ಫೈನಲೈಸ್ ಮಾಡದೆ, ಅಂದರೆ ಬೇರೆ ಕಡೆ ಓದಲು ಬರುವಂತೆ ಮುಗಿಸದೆ, ಬಿಟ್ಟಿರಬಹುದು.

ಇನ್ನು ಎದೆ ಝಲ್ ಎನಿಸುವ ಸಂದರ್ಭ. ಕಾರ್ಯಕ್ರಮ ಪೂರ್ತಿ ರೆಕಾರ್ಡ್ ಆಗುತ್ತಿತ್ತು, ಕೊನೆಯಲ್ಲಿ ಬ್ಯಾಟರಿ ಮುಗಿಯಿತು. ಫೈಲ್ ಇದೆ, ಗಾತ್ರವೂ ಎರಡು ಮೂರು ಜಿಬಿ ತೋರಿಸುತ್ತಿದೆ, ಆದರೆ ಯಾವ ಪ್ಲೇಯರಿನಲ್ಲೂ ತೆರೆಯುವುದಿಲ್ಲ. ಎಂಪಿ4 ಫೈಲಿನಲ್ಲಿ ಚಿತ್ರ, ದನಿ ಇರುವ ದೊಡ್ಡ ಭಾಗ ಒಂದು, ಯಾವ ಫ್ರೇಮ್ ಎಲ್ಲಿದೆ ಅನ್ನುವ ಸೂಚಿಯ ಭಾಗ ಇನ್ನೊಂದು. ಸೂಚಿಗೆ ಮೂವ್ ಆ್ಯಟಂ ಅನ್ನುತ್ತಾರೆ. ಬಹಳಷ್ಟು ಕ್ಯಾಮೆರಾಗಳು ಅದನ್ನು ಬರೆಯುವುದು ನೀವು ಸ್ಟಾಪ್ ಒತ್ತಿದ ಮೇಲೆ. ಒತ್ತುವ ಮೊದಲೇ ಕರೆಂಟ್ ಹೋದರೆ ಚಿತ್ರವೆಲ್ಲ ಇದೆ, ಸೂಚಿ ಇಲ್ಲ. ಪ್ಲೇಯರಿಗೆ ಎಲ್ಲಿಂದ ಓದಬೇಕು ಅಂತ ತಿಳಿಯುವುದಿಲ್ಲ.

ಇಲ್ಲಿ ಮಾಡಬಾರದ್ದು ಮೊದಲು: ಆ ಕಾರ್ಡಿನಲ್ಲಿ ಇನ್ನೇನನ್ನೂ ರೆಕಾರ್ಡ್ ಮಾಡಬೇಡಿ, ಫಾರ್ಮ್ಯಾಟ್ ಮಾಡುವಾ ಅಂತ ಕೇಳಿದರೆ ಒಪ್ಪಬೇಡಿ. ಇರುವುದನ್ನು ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ, ಮುಂದಿನ ಪ್ರಯೋಗವೆಲ್ಲ ಆ ಕಾಪಿಯ ಮೇಲೆ. ಕೆಲವು ಕ್ಯಾಮೆರಾಗಳು ಕಾರ್ಡನ್ನು ಮತ್ತೆ ಹಾಕಿದಾಗ ತಾವೇ ರಿಪೇರಿ ಮಾಡಿಕೊಡುತ್ತವೆ. ಇಲ್ಲದಿದ್ದರೆ ಅನ್‌ಟ್ರಂಕ್ ಅನ್ನುವ ಉಚಿತ ಟೂಲ್ ಇದೆ. ಅದಕ್ಕೆ ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಇನ್ನೊಂದು ಒಳ್ಳೆಯ ಫೈಲ್ ಕೊಡಬೇಕು, ಅದನ್ನು ನೋಡಿಕೊಂಡು ಕೆಟ್ಟ ಫೈಲಿಗೆ ಸೂಚಿ ಕಟ್ಟುತ್ತದೆ. ಯಾವಾಗಲೂ ಪೂರ್ತಿ ಬರುತ್ತದೆ ಅಂತಲ್ಲ. ಆದರೂ ಹಣ ಕೇಳುವ ಯಾವುದೋ ಸಾಫ್ಟ್‌ವೇರ್ ಕೊಳ್ಳುವ ಮೊದಲು ಇದನ್ನು ಪ್ರಯತ್ನಿಸಿ. ಸ್ಕ್ರೀನ್ ರೆಕಾರ್ಡ್ ಮಾಡಲು ಓಬಿಎಸ್ ಬಳಸುವವರಿಗೆ ಎಂಕೆವಿಯಲ್ಲಿ ರೆಕಾರ್ಡ್ ಮಾಡಿ ಅಂತ ಹೇಳುವುದೂ ಇದಕ್ಕೇ. ನಡುವೆ ನಿಂತರೂ ಅಲ್ಲಿಯವರೆಗಿನದು ಓಡುತ್ತದೆ, ಆಮೇಲೆ ಅದರಲ್ಲೇ ಎಂಪಿ4 ಮಾಡಿಕೊಳ್ಳಬಹುದು.

ಒಂದು ಗಂಟೆಯ ವಿಡಿಯೋ ಮೂರು ನಾಲ್ಕು ತುಂಡಾಗಿದ್ದರೆ ಗಾಬರಿ ಬೇಡ. ಎಫ್‌ಎಟಿ32 ಅನ್ನುವ ಹಳೇ ಪದ್ಧತಿಯ ಕಾರ್ಡಿನಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಅದಕ್ಕೇ ಕ್ಯಾಮೆರಾ ತುಂಡು ಮಾಡುತ್ತದೆ. ಎಫ್‌ಎಫ್‌ಎಂಪೆಗ್ ಅನ್ನುವ ಟೂಲಿನಲ್ಲಿ ಅವನ್ನು ಮತ್ತೆ ಎನ್‌ಕೋಡ್ ಮಾಡದೆ ಸೇರಿಸಬಹುದು.

ಕಂಪ್ಯೂಟರಿನದ್ದೇ ತಪ್ಪು ಇರುವ ಸಂದರ್ಭಗಳೂ ಇವೆ, ಅನ್ಯಾಯ ಮಾಡಬಾರದು. ಪರದೆ ಪೂರ್ತಿ ಹಸಿರಾದರೆ, ಅಥವಾ ಚಿತ್ರದ ಮಧ್ಯೆ ಗುಲಾಬಿ ಚೌಕಗಳು ಹಾರಾಡಿದರೆ, ಹಾರ್ಡ್‌ವೇರ್ ಆಕ್ಸಲರೇಶನ್ (ವಿಡಿಯೋ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ಕೊಡುವ ಆಯ್ಕೆ) ಆಫ್ ಮಾಡಿ ನೋಡಿ. ಸರಿಹೋದರೆ ಗ್ರಾಫಿಕ್ಸ್ ಡ್ರೈವರ್ ಕಡೆ ಗಮನ ಕೊಡಿ. ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ನಿಧಾನವಾದರೆ ಬಿಸಿ ಜಾಸ್ತಿಯಾಗಿ ಪ್ರೊಸೆಸರ್ ವೇಗ ಇಳಿಸಿಕೊಂಡಿದೆ. ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಟ್ಟು, ಚಾರ್ಜರ್ ತೆಗೆದು ಎಡಿಟ್ ಮಾಡುವವರಿಗೆ ನಾನು ಏನೂ ಹೇಳುವುದಿಲ್ಲ, ಸುಮ್ನೆ ಮೇಜಿನ ಕಡೆ ಕೈ ತೋರಿಸುತ್ತೇನೆ.

ಎಡಿಟ್ ಮಾಡಿದ ಪ್ರಾಜೆಕ್ಟ್ ತೆರೆದರೆ ಎಲ್ಲ ಕ್ಲಿಪ್ಪೂ ಕೆಂಪಾಗಿ, ಮೀಡಿಯಾ ಸಿಗುತ್ತಿಲ್ಲ ಅಂದರೆ ನೀವು ಫೋಲ್ಡರ್ ಸರಿಸಿದ್ದೀರಿ ಅಥವಾ ಹೆಸರು ಬದಲಿಸಿದ್ದೀರಿ. ಪ್ರಾಜೆಕ್ಟ್ ಫೈಲಿನಲ್ಲಿ ವಿಡಿಯೋ ಇರುವುದಿಲ್ಲ, ಅದು ಎಲ್ಲಿದೆ ಅನ್ನುವ ವಿಳಾಸ ಮಾತ್ರ. ಅದಕ್ಕೇ ಅದು ಅಷ್ಟು ಚಿಕ್ಕದು. ಪ್ರಾಜೆಕ್ಟ್ ಫೈಲ್ ಮಾತ್ರ ಉಳಿಸಿಕೊಂಡು ಕ್ಲಿಪ್‌ಗಳನ್ನು ಅಳಿಸಿ, ಆಮೇಲೆ ವಿಡಿಯೋ ವಾಪಸ್ ತರಿಸಿಕೊಡಿ ಅಂತ ಬಂದವರನ್ನು ನೋಡಿದ್ದೇನೆ. ಅಲ್ಲಿ ತರಲು ಏನೂ ಇರುವುದಿಲ್ಲ.

ಎಕ್ಸ್‌ಪೋರ್ಟ್ ಆದ ಮೇಲೂ ಕೆಲಸ ಮುಗಿದಿಲ್ಲ. ಕಂಪ್ಯೂಟರಿನಲ್ಲಿ ಓಡುವುದು ಟಿವಿಯಲ್ಲಿ ಓಡದಿದ್ದರೆ ಸುರಕ್ಷಿತ ದಾರಿ ಇದು: ಎಂಪಿ4, ಒಳಗೆ 8 ಬಿಟ್ 4:2:0ರ ಎಚ್.264, ದನಿಗೆ ಎಎಸಿ ಅನ್ನುವ ಆಡಿಯೋ ಕೋಡೆಕ್. ಚಿತ್ರ ಬಂದು ದನಿ ಬರದಿದ್ದರೆ ಟಿವಿಗೆ ಆ ಆಡಿಯೋ ಕೋಡೆಕ್ ತಿಳಿದಿಲ್ಲ, ಡಿಟಿಎಸ್ ಇದ್ದಾಗ ಹೀಗೆ ಆಗುವುದುಂಟು. ಆಗ ಚಿತ್ರವನ್ನು ಮುಟ್ಟದೆ ಆಡಿಯೋ ಮಾತ್ರ ಬದಲಿಸಿದರೆ ಸಾಕು. ಬಣ್ಣವೆಲ್ಲ ಪೇಲವವಾಗಿ, ತೊಳೆದ ಬಟ್ಟೆಯಂತೆ ಕಾಣುತ್ತಿದ್ದರೆ ಫೋನ್ ಎಚ್‌ಡಿಆರ್‌ನಲ್ಲಿ, ಅಂದರೆ ಬೆಳಕು ನೆರಳಿನ ವ್ಯಾಪ್ತಿ ಜಾಸ್ತಿ ಹಿಡಿಯುವ ರೀತಿಯಲ್ಲಿ, ತೆಗೆದಿದೆ, ಪ್ರಾಜೆಕ್ಟ್ ಸಾಧಾರಣ ಬಣ್ಣದಲ್ಲಿದೆ. ಮನೆ ಬಳಕೆಗೆ ಫೋನಿನಲ್ಲಿ ಎಚ್‌ಡಿಆರ್ ಆಫ್ ಮಾಡಿಡುವುದೇ ನೆಮ್ಮದಿ ಅಂತ ನನ್ನ ಅಭಿಪ್ರಾಯ. ಇದನ್ನು ಒಪ್ಪದವರು ಇದ್ದಾರೆ, ಇರಲಿ.

ಮೆಸೇಜ್ ಆ್ಯಪ್‌ನಲ್ಲಿ ವಿಡಿಯೋ ಎಂದು ಕಳಿಸಿದರೆ ಅದು ಇನ್ನೊಮ್ಮೆ ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಹಾಗೆ ಕುಗ್ಗಿ ಬಂದ ಪ್ರತಿಯನ್ನೇ ಮೂಲ ಅಂದುಕೊಂಡು ಎಡಿಟ್ ಮಾಡಿ, ಅದನ್ನೂ ಕಳಿಸಿ, ಅದರ ಮೇಲೆ ಇನ್ಯಾರೋ ಎಡಿಟ್ ಮಾಡಿದರೆ ಮುಖಗಳ ಜಾಗದಲ್ಲಿ ಚೌಕಗಳು ಉಳಿಯುತ್ತವೆ. ಯಾವ ಸಾಫ್ಟ್‌ವೇರೂ ಅದನ್ನು ನಿಜವಾಗಿ ವಾಪಸ್ ತರುವುದಿಲ್ಲ, ಊಹೆ ಮಾಡಿ ಹೊಸ ಮುಖ ಬರೆಯುತ್ತದೆ ಅಷ್ಟೇ.

ಉಳಿಸುವುದು ಯಾವುದು, ಅಳಿಸುವುದು ಯಾವುದು ಅಂತ ಕೇಳುತ್ತಾರೆ. ಪ್ರಾಕ್ಸಿ ಅಳಿಸಿ, ಬೇಕಾದಾಗ ಮತ್ತೆ ಮಾಡಬಹುದು. ಸ್ಥಿರ ಫ್ರೇಮ್ ರೇಟಿಗೆ ಬದಲಿಸಿದ ಪ್ರತಿಗಳನ್ನೂ ಅಳಿಸಬಹುದು, ಪ್ರಾಜೆಕ್ಟನ್ನು ಮತ್ತೆ ತೆರೆಯುವ ಯೋಚನೆ ಇಲ್ಲದಿದ್ದರೆ. ಕ್ಯಾಮೆರಾದಿಂದ ಬಂದ ಮೂಲ ಕ್ಲಿಪ್‌ಗಳು ಮಾತ್ರ ಎರಡು ಬೇರೆ ಡಿಸ್ಕಿನಲ್ಲಿ ಇರಲಿ, ಜೊತೆಗೆ ಒಳ್ಳೆಯ ಗುಣಮಟ್ಟದ ಒಂದು ಎಕ್ಸ್‌ಪೋರ್ಟ್. ಪ್ರಾಜೆಕ್ಟ್ ಫೈಲನ್ನು ನಂಬಿಕೊಳ್ಳಬೇಡಿ. ಎಷ್ಟೋ ಮನೆಗಳಲ್ಲಿ ಮೊದಲ ಎಡಿಟಿಂಗ್ ಆಗಿದ್ದ ವಿಂಡೋಸ್ ಮೂವಿ ಮೇಕರಿಗೆ ಮೈಕ್ರೋಸಾಫ್ಟ್ 2017ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿತು. ಅದರ ಪ್ರಾಜೆಕ್ಟ್ ಫೈಲುಗಳು ಬೇರೆ ಎಡಿಟರ್‌ಗಳಲ್ಲಿ ಸಾಮಾನ್ಯವಾಗಿ ತೆರೆಯುವುದಿಲ್ಲ. ಆಗ ಎಕ್ಸ್‌ಪೋರ್ಟ್ ಮಾಡಿಟ್ಟವರ ವಿಡಿಯೋಗಳು ಈಗಲೂ ಓಡುತ್ತವೆ. ಪ್ರಾಜೆಕ್ಟ್ ಫೈಲೂ ಇದ್ದರೆ ಇರಲಿ ಬಿಡಿ, ಹೆಚ್ಚೇನೂ ಜಾಗ ಹಿಡಿಯುವುದಿಲ್ಲ.